ಬಾವಿಗೆ ಬಿದ್ದ ದೂತರು: ಗ್ರೀಕ್ ಚರಿತ್ರೆಕಾರರು ಕಂಡ ವಿಧಿ, ಕಟ್ಟಳೆ, ನ್ಯಾಯ

ಎಲ್ಲರಿಗೂ ನಮಸ್ಕಾರ.

ವಿಧಿ, ಕಟ್ಟಳೆ, ನ್ಯಾಯ. ಮೂರೂ ಭಾರದ ಮಾತುಗಳು. ಇವುಗಳ ವಿವರಣೆಯಿಂದಲೇ ಶುರು ಮಾಡಿದರೆ ಇವತ್ತಿನ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ಒಂದೇ ಒಂದು ಪ್ರಸಂಗ ಹಿಡಿದು ಮಾತಾಡುತ್ತೇನೆ. ಪ್ರಾಚೀನ ಗ್ರೀಸಿನ ಇಬ್ಬರು ದೊಡ್ಡ ಚರಿತ್ರೆಕಾರರು, ಹೆರೊಡೋಟಸ್ ಮತ್ತು ಥುಸಿಡಿಡೀಸ್, ಇದನ್ನು ಬರೆದಿಟ್ಟಿದ್ದಾರೆ. ಸತ್ತವರು ಅವರೇ, ಸತ್ತ ಊರೂ ಅದೇ. ಆದರೆ ಆ ಸಾವು ಯಾಕೆ ಬಂತು ಅಂತ ಕೇಳಿದರೆ ಒಬ್ಬೊಬ್ಬರ ಉತ್ತರ ಒಂದೊಂದು.

ಮ್ಯಾರಥಾನ್ ಕಾಳಗ ನಡೆದದ್ದು ಕ್ರಿ.ಪೂ. 490ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಪರ್ಷಿಯದ ದೊರೆ ಡೇರಿಯಸ್ ಗ್ರೀಕರ ಊರೂರಿಗೆ ದೂತರನ್ನು ಕಳಿಸಿದ. ಅವರು ಕೇಳಬೇಕಾಗಿದ್ದು ಎರಡೇ ವಸ್ತು: ಮಣ್ಣು ಮತ್ತು ನೀರು. ಕೊಟ್ಟರೆ ಶರಣಾದ ಹಾಗೆ. ಬಹಳ ಊರುಗಳು ಕೊಟ್ಟವು. ಅಥೆನ್ಸಿನವರು ಮಾತ್ರ ಆ ದೂತರನ್ನು ಅಪರಾಧಿಗಳನ್ನು ದೂಡುವ ಕಂದಕಕ್ಕೆ ದೂಡಿದರು. ಸ್ಪಾರ್ಟಾದವರು ಬಾವಿಗೆ ತಳ್ಳಿ, ನಿಮಗೆ ಬೇಕಾದ ಮಣ್ಣನ್ನೂ ನೀರನ್ನೂ ಅಲ್ಲಿಂದಲೇ ತೆಗೆದುಕೊಂಡು ಹೋಗಿ ನಿಮ್ಮ ದೊರೆಗೆ ಕೊಡಿ ಎಂದರು.

ದೇಶಾಭಿಮಾನದ ಕಥೆಯಾಗಿ ಇದನ್ನು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಹೆರೊಡೋಟಸ್ ಹಾಗೆ ಮಾಡುವುದಿಲ್ಲ. ದೂತನ ಮೈ ಮುಟ್ಟಬಾರದು ಎಂಬ ಕಟ್ಟಳೆ ಗ್ರೀಕರಿಗೆ ಗೊತ್ತಿತ್ತು. ನಮಗೂ ಗೊತ್ತು. ಲಂಕೆಯ ಸಭೆಯಲ್ಲಿ ಹನುಮಂತನನ್ನು ಕೊಲ್ಲಲು ಹೊರಟಾಗ ವಿಭೀಷಣ ಅಡ್ಡ ಬಂದು ಹೇಳಿದ್ದು ಇದನ್ನೇ ಅಲ್ವಾ? ಸ್ಪಾರ್ಟಾದಲ್ಲಿ ಹಾಗೆ ಅಡ್ಡ ಬಂದವರ ಹೆಸರು ಯಾವುದೂ ನಮಗೆ ಸಿಗುವುದಿಲ್ಲ.

ಆಮೇಲೆ ಆದದ್ದು ಹೀಗೆ. ಸ್ಪಾರ್ಟಾದಲ್ಲಿ ಟಾಲ್ಥಿಬಿಯಸ್‌ನ ಗುಡಿ ಇತ್ತು. ಟ್ರಾಯ್ ಯುದ್ಧದ ಕಾಲದಲ್ಲಿ ಅಗಮೆಮ್ನನ್‌ನ ದೂತನಾಗಿದ್ದವನು ಆತ. ಅವನ ವಂಶದವರು ಇನ್ನೂ ಊರಲ್ಲಿದ್ದರು, ಸ್ಪಾರ್ಟಾದ ದೂತರಾಗಿ ಹೋಗುವ ಹಕ್ಕು ಅವರದೇ. ಪರ್ಷಿಯದ ದೂತರನ್ನು ಕೊಂದ ಮೇಲೆ ಊರಿಗೆ ಟಾಲ್ಥಿಬಿಯಸ್‌ನ ಮುನಿಸು ತಟ್ಟಿತು. ಎಷ್ಟು ಬಲಿ ಕೊಟ್ಟರೂ ಶುಭಶಕುನವೇ ಸಿಗಲಿಲ್ಲ. ಇದು ಬಹಳ ಕಾಲ ನಡೆಯಿತು. ಕೊನೆಗೆ ಊರವರು ಮತ್ತೆ ಮತ್ತೆ ಸಭೆ ಸೇರಿ ಸಾರಿ ಕೇಳಿದರು: ಸ್ಪಾರ್ಟಾಕ್ಕಾಗಿ ಸಾಯಲು ಯಾರಾದರೂ ತಯಾರಿದ್ದೀರಾ?

ಇಬ್ಬರು ಮುಂದೆ ಬಂದರು. ಸ್ಪರ್ತಿಯಸ್ ಮತ್ತು ಬುಲಿಸ್. ಇಬ್ಬರೂ ಒಳ್ಳೆಯ ಮನೆತನದವರು, ಅನುಕೂಲಸ್ಥರು. ಆ ಹೊತ್ತಿಗೆ ಡೇರಿಯಸ್ ತೀರಿಹೋಗಿ ಅವನ ಮಗ ಜರ್ಕ್ಸೀಸ್ ಪಟ್ಟದಲ್ಲಿದ್ದ. ಸತ್ತ ದೂತರಿಗೆ ಬದಲಾಗಿ ನಮ್ಮ ಪ್ರಾಣ ತೆಗೆದುಕೋ ಎಂದು ಹೇಳಲು ಇವರು ಸೂಸಾ ನಗರಕ್ಕೆ ಹೊರಟರು. ದಾರಿಯಲ್ಲಿ ಹೈಡಾರ್ನೀಸ್ ಎಂಬ ಪರ್ಷಿಯನ್ ಅಧಿಕಾರಿ ಊಟ ಹಾಕಿ ಉಪಚಾರ ಮಾಡಿದ. ನಮ್ಮ ದೊರೆಯ ಸ್ನೇಹ ಮಾಡಿದರೆ ನಿಮಗೂ ಸೀಮೆ, ಅಧಿಕಾರ ಎಲ್ಲ ಸಿಗುತ್ತದಲ್ಲ ಎಂದ. ಇವರ ಉತ್ತರ: ಗುಲಾಮನಾಗಿ ಇರುವುದು ನಿನಗೆ ಗೊತ್ತು. ಸ್ವಾತಂತ್ರ್ಯದ ರುಚಿ ನೀನು ನೋಡಿಲ್ಲ. ನೋಡಿದ್ದರೆ, ಅದಕ್ಕಾಗಿ ಈಟಿ ಮಾತ್ರ ಅಲ್ಲ, ಕೊಡಲಿ ಹಿಡಿದೂ ಹೋರಾಡಿ ಎಂದು ನೀನೇ ಹೇಳುತ್ತಿದ್ದೆ.

ಸೂಸಾದಲ್ಲಿ ದೊರೆಯ ಮುಂದೆ ಅಡ್ಡ ಬೀಳಿ ಎಂದು ಕಾವಲಿನವರು ಒತ್ತಾಯ ಮಾಡಿದರು. ತಲೆ ಹಿಡಿದು ನೆಲಕ್ಕೆ ಒತ್ತಿದರೂ ನಾವು ಬೀಳುವುದಿಲ್ಲ, ಮನುಷ್ಯನಿಗೆ ಅಡ್ಡ ಬೀಳುವುದು ನಮ್ಮ ಪದ್ಧತಿ ಅಲ್ಲ ಎಂದರು. ಆಮೇಲೆ ಬಂದ ಕೆಲಸ ಹೇಳಿದರು. ಜರ್ಕ್ಸೀಸ್ ಕೊಟ್ಟ ಉತ್ತರವನ್ನು ನಾನು ಎಷ್ಟು ಸಲ ಓದಿದರೂ ಮತ್ತೆ ನಿಂತು ಓದುತ್ತೇನೆ. ದೂತರನ್ನು ಕೊಂದು ನೀವು ಎಲ್ಲ ಮನುಷ್ಯರಿಗೂ ಸೇರಿದ ಕಟ್ಟಳೆ ಮುರಿದಿರಿ, ನಿಮ್ಮಲ್ಲಿ ಯಾವುದನ್ನು ತಪ್ಪು ಎನ್ನುತ್ತೇನೋ ಅದನ್ನೇ ನಾನು ಮಾಡುವುದಿಲ್ಲ. ನಿಮ್ಮನ್ನು ಕೊಂದು ಸ್ಪಾರ್ಟಾದ ತಲೆಯ ಮೇಲಿರುವ ತಪ್ಪನ್ನು ಇಳಿಸುವುದೂ ಇಲ್ಲ.

ಇಬ್ಬರೂ ಬದುಕಿ ವಾಪಸ್ ಬಂದರು. ಆ ಹೊತ್ತಿಗೆ ಮುನಿಸು ತಣ್ಣಗಾಯಿತು. ಆದರೆ ತೀರಲಿಲ್ಲ.

ಮುಂದೆ ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿತು. ಕ್ರಿ.ಪೂ. 430ರಲ್ಲಿ ಸ್ಪಾರ್ಟಾದಿಂದ ಏಷ್ಯಾಕ್ಕೆ ಹೊರಟ ರಾಯಭಾರಿಗಳು ಥ್ರೇಸ್ ಸೀಮೆಯಲ್ಲಿ ಸಿಕ್ಕಿಬಿದ್ದರು. ಅವರನ್ನು ಅಥೆನ್ಸಿಗೆ ಒಯ್ದು ಕೊಂದರು. ಸತ್ತವರಲ್ಲಿ ಒಬ್ಬ ಅನೆರಿಸ್ಟಸ್, ಸ್ಪರ್ತಿಯಸ್‌ನ ಮಗ. ಇನ್ನೊಬ್ಬ ನಿಕೋಲಾಸ್, ಬುಲಿಸ್‌ನ ಮಗ.

ಹೆರೊಡೋಟಸ್ ಇದನ್ನು ಹಳೆಯ ಕಾಲದ ಕಥೆಯಾಗಿ ಹೇಳುತ್ತಿಲ್ಲ. ಇದು ಅವನ ಕಾಲದ್ದೇ ಸುದ್ದಿ. ಅವನ ಪುಸ್ತಕದಲ್ಲಿ ಬರುವ ತೀರಾ ಈಚಿನ ಘಟನೆಗಳಲ್ಲಿ ಇದೂ ಒಂದು. ಸುಮಾರು ಅರವತ್ತು ವರ್ಷ ಹಿಂದೆ ಬಾವಿಗೆ ಬಿದ್ದ ದೂತರನ್ನೂ, ಈಗ ಅಥೆನ್ಸಿನಲ್ಲಿ ಸತ್ತ ರಾಯಭಾರಿಗಳನ್ನೂ ಅವನು ಒಂದೇ ಎಳೆಯಲ್ಲಿ ಕಟ್ಟಿದ. ಕಟ್ಟುವಾಗ ಒಂದು ಸೂಕ್ಷ್ಮ ಭೇದ ಮಾಡಿದ. ದೂತರ ವಿಷಯದ ಮುನಿಸು ಸಂದೇಶ ಒಯ್ಯುವವರ ಮೇಲೇ ಬಿದ್ದದ್ದು, ಪೂರ್ತಿ ಆಗುವವರೆಗೆ ಬಿಡದೇ ಇದ್ದದ್ದು ನ್ಯಾಯವೇ ಎನ್ನುತ್ತಾನೆ. ಆದರೆ ಅದು ಹುಡುಕಿಕೊಂಡು ಬಂದ ಹಾಗೆ ಆ ಇಬ್ಬರ ಮಕ್ಕಳ ಮೇಲೇ ಬಿದ್ದದ್ದು ದೈವದ ಕೆಲಸ ಎಂಬುದು ನನಗೆ ಸ್ಪಷ್ಟ ಎನ್ನುತ್ತಾನೆ. ಮೊದಲ ಭಾಗಕ್ಕೆ ನ್ಯಾಯ ಎಂದ. ಎರಡನೆಯದಕ್ಕೆ ಆ ಮಾತನ್ನು ಹಾಕಲಿಲ್ಲ. ಅಪ್ಪಂದಿರು ಸಾಯಲು ತಯಾರಾಗಿ ಹೋಗಿ ಬದುಕಿ ಬಂದವರು. ಮಕ್ಕಳು ಏನೂ ತಪ್ಪು ಮಾಡದವರು. ಇದನ್ನು ನ್ಯಾಯ ಅಂತ ಕರೆಯಲು ಅವನ ಕೈ ಬರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಕಡೆಯೂ ಅವನ ಪ್ರಾಮಾಣಿಕತೆ ನೋಡಿ. ಅಥೆನ್ಸಿನವರೂ ದೂತರನ್ನು ಕೊಂದಿದ್ದರು. ಅವರಿಗೆ ಏನು ಶಿಕ್ಷೆ ಬಂತು? ನಾನು ಹೇಳಲಾರೆ ಎನ್ನುತ್ತಾನೆ. ಅವರ ಊರು, ಹೊಲ ಎಲ್ಲ ಹಾಳಾದದ್ದು ನಿಜ, ಆದರೆ ಅದಕ್ಕೆ ಇದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ ಎಂದು ಬರೆಯುತ್ತಾನೆ. ಎಲ್ಲ ಸಾವಿಗೂ ದೇವರ ಲೆಕ್ಕ ತೋರಿಸುವ ಆಸೆ ಅವನಿಗಿದ್ದರೆ ಇಲ್ಲಿ ಬಹಳ ಸುಲಭವಾಗಿತ್ತು. ಪರ್ಷಿಯನ್ನರು ಬಂದು ಅಥೆನ್ಸ್ ಸುಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಅದನ್ನು ಶಿಕ್ಷೆ ಎಂದು ಹೇಳಲು ಅವನು ಒಪ್ಪಲಿಲ್ಲ.

ಈಗ ಕಟ್ಟಳೆಯ ವಿಷಯ. ಬಾವಿಗೆ ಬಿದ್ದ ಆ ದೂತರನ್ನು ಕಳಿಸಿದ್ದು ಡೇರಿಯಸ್ ಅಲ್ವಾ? ಅದೇ ಡೇರಿಯಸ್ ಬಗ್ಗೆ ಹೆರೊಡೋಟಸ್ ಇನ್ನೊಂದು ಕಥೆ ಹೇಳುತ್ತಾನೆ. ಅದರಲ್ಲಿ ನಮ್ಮ ದೇಶದವರೂ ಬರುತ್ತಾರೆ. ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ಅಪ್ಪನ ದೇಹ ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಆಗದು ಎಂದರು. ಆಮೇಲೆ ಕಲ್ಲಾಟಿಯರು ಎಂಬ ಭಾರತದ ಒಂದು ಜನಾಂಗದವರನ್ನು ಕರೆಸಿದ. ಸತ್ತ ಹೆತ್ತವರನ್ನು ತಿನ್ನುವುದು ಅವರ ಪದ್ಧತಿ ಎಂದು ಹೆರೊಡೋಟಸ್ ಕೇಳಿ ಬರೆದಿದ್ದಾನೆ. ಗ್ರೀಕರ ಎದುರಲ್ಲೇ, ಎಷ್ಟು ಹಣ ಕೊಟ್ಟರೆ ಸುಡುತ್ತೀರಿ ಎಂದು ಅವರನ್ನು ಕೇಳಿದ. ಅಂಥ ಮಾತು ಬಾಯಲ್ಲಿ ತರಬೇಡ ಎಂದು ಅವರು ಕೂಗಿಕೊಂಡರು. ಕಟ್ಟಳೆಯೇ ಎಲ್ಲರ ಅರಸ ಎಂದು ಕವಿ ಪಿಂಡಾರ್ ಹೇಳಿದ್ದು ಸರಿ ಎಂದು ಹೆರೊಡೋಟಸ್ ಮುಗಿಸುತ್ತಾನೆ. ಆ ಪದ್ಧತಿ ನಿಜವಾಗಿ ಇತ್ತೋ ಇಲ್ಲವೋ ಎಂಬುದು ಬೇರೆ ಚರ್ಚೆ. ಕಥೆಯಲ್ಲಿ ಎರಡೂ ಕಡೆಯವರಿಗೆ ಒಂದೇ ತೂಕ ಇದೆ. ಗ್ರೀಕನೊಬ್ಬ ಗ್ರೀಕರಿಗಾಗಿ ಬರೆದ ಪುಸ್ತಕದಲ್ಲಿ ಇದು ಚಿಕ್ಕ ಮಾತಲ್ಲ.

ಈ ಕಥೆ ಅವನು ಹೇಳುವುದು ಕ್ಯಾಂಬಿಸಿಸ್ ಎಂಬ ಪರ್ಷಿಯದ ದೊರೆಯ ಮಾತು ಬಂದಾಗ. ಕ್ಯಾಂಬಿಸಿಸ್ ಈಜಿಪ್ಟ್ ಗೆದ್ದ ಮೇಲೆ ಅಲ್ಲಿನ ಹಳೆಯ ಸಮಾಧಿ ಒಡೆದ, ದೇವರ ವಿಗ್ರಹ ನೋಡಿ ನಕ್ಕ, ಅವರು ಪೂಜಿಸುವ ಏಪಿಸ್ ಎಂಬ ಎಳೆಯ ಹೋರಿಯ ತೊಡೆಗೆ ಕತ್ತಿಯಿಂದ ತಿವಿದ. ಅವನಿಗೆ ಹುಚ್ಚು ಹಿಡಿದಿತ್ತು, ಇಲ್ಲದಿದ್ದರೆ ಇನ್ನೊಬ್ಬರ ಪದ್ಧತಿ ನೋಡಿ ನಗುತ್ತಿರಲಿಲ್ಲ ಎಂಬುದು ಹೆರೊಡೋಟಸ್‌ನ ತೀರ್ಪು. ಮುಂದೆ ಕುದುರೆ ಹತ್ತುವಾಗ ತನ್ನದೇ ಕತ್ತಿ ತೊಡೆಗೆ ನಾಟಿ, ಹೋರಿಗೆ ತಿವಿದ ಜಾಗದಲ್ಲೇ ಗಾಯವಾಗಿ ಕ್ಯಾಂಬಿಸಿಸ್ ಸತ್ತ.

ಹಾಗಾದರೆ ಪ್ರತಿ ಜನಾಂಗಕ್ಕೂ ಅದರದರ ಕಟ್ಟಳೆ, ಅಷ್ಟೇನಾ? ಅಷ್ಟೇ ಆಗಿದ್ದರೆ ಜರ್ಕ್ಸೀಸ್ ಮಾತಿಗೆ ಅರ್ಥ ಇರುತ್ತಿರಲಿಲ್ಲ. ಎಲ್ಲ ಮನುಷ್ಯರಿಗೂ ಸೇರಿದ ಕಟ್ಟಳೆ ಎಂದು ಅವನು ಹೇಳುತ್ತಾನೆ. ಸತ್ತವರನ್ನು ಏನು ಮಾಡಬೇಕು ಎಂಬುದು ಊರಿಂದ ಊರಿಗೆ ಬೇರೆ. ದೂತನನ್ನು ಕೊಲ್ಲಬಾರದು ಎಂಬುದು ಊರುಗಳ ನಡುವಿನದು. ಅದು ಇಲ್ಲದಿದ್ದರೆ ಒಂದು ಊರು ಇನ್ನೊಂದರ ಜೊತೆ ಮಾತೇ ಆಡಲಾಗದು. ಈ ಮಾತನ್ನು ಹೆರೊಡೋಟಸ್ ಯಾರ ಬಾಯಲ್ಲಿ ಹಾಕಿದ್ದಾನೆ? ಸೇತುವೆ ಕಿತ್ತುಹೋಯಿತು ಎಂದು ಹೆಲೆಸ್ಪಾಂಟ್ ಕಡಲಿಗೆ 300 ಚಾಟಿಯೇಟು ಹೊಡೆಸಿದ ದೊರೆಯ ಬಾಯಲ್ಲಿ. ಕಡಲನ್ನು ದಂಡಿಸಲು ಹೊರಟ ಅದೇ ಮನುಷ್ಯ, ಶತ್ರುವಿನ ದೂತರ ವಿಷಯದಲ್ಲಿ ಸ್ಪಾರ್ಟಾದವರಿಗಿಂತ ಮೇಲಾಗಿ ನಡೆದುಕೊಂಡ. ಒಬ್ಬನನ್ನು ಪೂರ್ತಿ ಕೆಟ್ಟವನನ್ನಾಗಿ ಮಾಡಿ ಬಿಡುವುದು ಹೆರೊಡೋಟಸ್‌ಗೆ ಬರುವುದಿಲ್ಲ. ನನಗೆ ಅವನ ಮೇಲೆ ಪ್ರೀತಿ ಜಾಸ್ತಿ ಆಗುವುದು ಇಂಥ ಕಡೆಯೇ.

ವಿಧಿಗೆ ಬರೋಣ. ತಪ್ಪು ಮಾಡಿದವನು ಒಬ್ಬ, ತೆತ್ತವನು ಇನ್ನೊಬ್ಬ ಎಂಬುದಕ್ಕೆ ಅವನ ಪುಸ್ತಕದ ಮೊದಲ ದೊಡ್ಡ ಕಥೆಯೇ ಸಾಕ್ಷಿ. ಲಿಡಿಯದ ದೊರೆ ಕ್ರೀಸಸ್ ಐಶ್ವರ್ಯಕ್ಕೆ ಹೆಸರಾದವನು. ಪರ್ಷಿಯದ ಮೇಲೆ ಯುದ್ಧಕ್ಕೆ ಹೋಗಬಹುದೇ ಎಂದು ಡೆಲ್ಫಿಯ ಗುಡಿಯಲ್ಲಿ ಕೇಳಿಸಿದ. ಹೋದರೆ ಒಂದು ದೊಡ್ಡ ಸಾಮ್ರಾಜ್ಯ ಬೀಳುತ್ತದೆ ಎಂದು ಉತ್ತರ ಬಂತು. ಹೋದ. ಬಿದ್ದದ್ದು ಅವನದೇ ರಾಜ್ಯ. ಇಷ್ಟು ಎಲ್ಲರೂ ಕೇಳಿರುತ್ತೀರಿ. ಅದರ ಮುಂದಿನ ಭಾಗ ಕೇಳಿರುವವರು ಕಡಿಮೆ.

ಸೋತ ಕ್ರೀಸಸ್ ತನ್ನ ಕಾಲಿನ ಬೇಡಿಗಳನ್ನು ಡೆಲ್ಫಿಗೆ ಕಳಿಸಿ, ಇಷ್ಟೆಲ್ಲ ಕಾಣಿಕೆ ಕೊಟ್ಟವನಿಗೆ ಮೋಸ ಮಾಡಿದ್ದು ಸರಿಯೇ ಎಂದು ದೇವರನ್ನು ಕೇಳಿಸಿದ. ಗುಡಿಯ ಪೂಜಾರಿಣಿ ಕೊಟ್ಟ ಉತ್ತರ: ವಿಧಿಯನ್ನು ತಪ್ಪಿಸಿಕೊಳ್ಳಲು ದೇವರಿಗೂ ಆಗದು. ನಿನ್ನ ಐದು ತಲೆ ಹಿಂದಿನ ಗೈಜೀಸ್ ತನ್ನ ಒಡೆಯನನ್ನು ಕೊಂದು ಪಟ್ಟ ಏರಿದ. ಅದನ್ನು ತೆತ್ತವನು ನೀನು. ನಿನ್ನ ಮಕ್ಕಳ ಕಾಲಕ್ಕೆ ಇದು ಹೋಗಲಿ ಎಂದು ಅಪೊಲೊ ದೇವರು ಪ್ರಯತ್ನಪಟ್ಟ. ವಿಧಿ ಬಿಟ್ಟುಕೊಟ್ಟದ್ದು ಮೂರೇ ವರ್ಷ. ಇನ್ನು ಕಣಿಯ ವಿಷಯ: ಯಾವ ಸಾಮ್ರಾಜ್ಯ ಬೀಳುತ್ತದೆ ಎಂದು ನೀನು ಮತ್ತೆ ಕೇಳಬೇಕಿತ್ತು, ಕೇಳಲಿಲ್ಲ.

ಇಲ್ಲಿ ಎರಡು ಕಾರಣಗಳು ಅಕ್ಕಪಕ್ಕ ಕೂತಿವೆ. ಒಂದು ಐದು ತಲೆಮಾರಿನ ಹಿಂದಿನ ಕೊಲೆ. ಇನ್ನೊಂದು ಕ್ರೀಸಸ್‌ನದೇ ಅವಸರ. ಮೊದಲನೆಯದು ಸಾಕಾಗಿದ್ದರೆ ಎರಡನೆಯದು ಯಾಕೆ ಬೇಕು? ಹೆರೊಡೋಟಸ್ ಬಿಡಿಸುವುದಿಲ್ಲ. ಉತ್ತರ ಕೇಳಿದ ಕ್ರೀಸಸ್, ತಪ್ಪು ದೇವರದಲ್ಲ, ನನ್ನದೇ ಎಂದು ಒಪ್ಪಿಕೊಂಡ ಎಂದಷ್ಟೇ ಬರೆಯುತ್ತಾನೆ.

ಮಾಡಿದ್ದುಣ್ಣೋ ಮಹಾರಾಯ ಎಂದು ಕೇಳಿ ಬೆಳೆದ ನಮಗೆ ಇದು ಕಷ್ಟವಾಗುತ್ತದೆ. ನಮ್ಮ ಕರ್ಮದ ಲೆಕ್ಕದಲ್ಲಿ ಮಾಡಿದವನೇ ಉಣ್ಣಬೇಕು, ಈ ಜನ್ಮದಲ್ಲಿ ಆಗದಿದ್ದರೆ ಮುಂದಿನದರಲ್ಲಿ. ಹೆರೊಡೋಟಸ್‌ನ ಗ್ರೀಕರಿಗೆ ಆ ಮುಂದಿನ ಜನ್ಮದ ಬಾಗಿಲಿಲ್ಲ. ಇರುವುದು ಮನೆತನ. ತಪ್ಪು ಉಳಿದುಕೊಳ್ಳುವುದೂ ಅಲ್ಲೇ.

ಗ್ಲಾಕಸ್ ಕಥೆಯಲ್ಲಿ ಇದು ಇನ್ನೂ ತೀಕ್ಷ್ಣವಾಗಿ ಬರುತ್ತದೆ. ಗ್ಲಾಕಸ್ ಸ್ಪಾರ್ಟಾದವನು, ನ್ಯಾಯವಂತ ಎಂದು ದೂರದವರೆಗೆ ಹೆಸರು. ಮಿಲೇಟಸ್ ಊರಿನ ಒಬ್ಬ ತನ್ನ ಅರ್ಧ ಆಸ್ತಿಯನ್ನು ಬೆಳ್ಳಿ ಮಾಡಿ ಅವನ ಹತ್ತಿರ ಇಟ್ಟ. ಬಹಳ ಕಾಲದ ಮೇಲೆ ಮಿಲೇಟಸ್‌ನವನ ಮಕ್ಕಳು ಗುರುತು ತೋರಿಸಿ ಹಣ ಕೇಳಿದರು. ನನಗೆ ನೆನಪಿಲ್ಲ ಎಂದ ಗ್ಲಾಕಸ್, ಕೆಲವು ತಿಂಗಳ ಗಡುವು ಕೇಳಿ ಡೆಲ್ಫಿಗೆ ಹೋದ. ಸುಳ್ಳು ಆಣೆ ಮಾಡಿ ಹಣ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಪೂಜಾರಿಣಿ ಹೇಳಿದಳು: ಆಣೆ ಮಾಡು, ಸದ್ಯಕ್ಕೆ ಲಾಭವೇ. ನಿಜವಾದ ಆಣೆ ಮಾಡಿದವನೂ ಸಾಯುತ್ತಾನೆ. ಆದರೆ ಆಣೆಗೆ ಒಂದು ಮಗು ಇದೆ. ಅದಕ್ಕೆ ಹೆಸರಿಲ್ಲ, ಕೈಯಿಲ್ಲ, ಕಾಲಿಲ್ಲ. ಆದರೂ ಬೆನ್ನಟ್ಟಿ ಬಂದು ಇಡೀ ಮನೆಯನ್ನು ಅಳಿಸಿಹಾಕುತ್ತದೆ. ಗ್ಲಾಕಸ್ ಹೆದರಿ ಕ್ಷಮೆ ಕೇಳಿದ. ದೇವರನ್ನು ಪರೀಕ್ಷೆ ಮಾಡಿದ್ದೂ ಒಂದೇ, ತಪ್ಪು ಮಾಡಿದ್ದೂ ಒಂದೇ ಎಂದಳು. ಹಣ ವಾಪಸ್ ಕೊಟ್ಟ. ಆದರೂ ಸ್ಪಾರ್ಟಾದಲ್ಲಿ ಅವನ ವಂಶದ ಒಂದು ಕುಡಿಯೂ ಉಳಿಯಲಿಲ್ಲ.

ಈ ಕಥೆ ಹೇಳುವವನು ಸ್ಪಾರ್ಟಾದ ದೊರೆ ಲಿಯೊಟಿಕಿಡಸ್, ಅಥೆನ್ಸಿನವರ ಮುಂದೆ. ಇಜೀನಾ ದ್ವೀಪದ ಒತ್ತೆಯಾಳುಗಳನ್ನು ಸ್ಪಾರ್ಟಾದವರು ಅಥೆನ್ಸಿನಲ್ಲಿ ಇಟ್ಟಿದ್ದರು, ಅವರನ್ನು ವಾಪಸ್ ಕೊಡಿ ಎಂದು ಕೇಳಲು ಬಂದಿದ್ದ. ಕಥೆ ಮುಗಿಯಿತು. ಅಥೆನ್ಸಿನವರು ಕೊಡಲಿಲ್ಲ. ಲಿಯೊಟಿಕಿಡಸ್ ಬರಿಗೈಯಲ್ಲಿ ಹೋದ. ನ್ಯಾಯದ ಬಗ್ಗೆ ಪುಸ್ತಕದಲ್ಲಿರುವ ಅತ್ಯಂತ ಗಾಢವಾದ ಕಥೆಯನ್ನು ಹೆರೊಡೋಟಸ್ ಸೋತ ವಾದವಾಗಿ ಇಟ್ಟಿದ್ದಾನೆ! ದೈವದ ನ್ಯಾಯದಲ್ಲಿ ಅವನಿಗೆ ನಂಬಿಕೆ ಇತ್ತು. ಆ ನ್ಯಾಯದ ಕಥೆ ಕೇಳಿ ಜನ ಬದಲಾಗುತ್ತಾರೆ ಎಂಬ ನಂಬಿಕೆ ಇರಲಿಲ್ಲ.

ಈಗ 430ಕ್ಕೆ ವಾಪಸ್ ಹೋಗಿ ಥುಸಿಡಿಡೀಸ್ ಏನು ಬರೆದ ಎಂದು ನೋಡೋಣ. ಅವನಲ್ಲಿ ಟಾಲ್ಥಿಬಿಯಸ್ ಇಲ್ಲ, ಬಾವಿ ಇಲ್ಲ, ಮುನಿಸು ಇಲ್ಲ. ಅನೆರಿಸ್ಟಸ್, ನಿಕೋಲಾಸ್ ಎಂಬ ಹೆಸರುಗಳಿವೆ, ಅವರ ಅಪ್ಪಂದಿರ ಹೆಸರಿಲ್ಲ. ಜೊತೆಗಿದ್ದ ಕೊರಿಂಥ್ ನಗರದ ಅರಿಸ್ಟಿಯಸ್‌ನನ್ನು ಅವನು ಮುಂದೆ ತರುತ್ತಾನೆ. ಪೊಟಿಡಿಯಾ ಊರಿನ ದಂಗೆಯಲ್ಲಿ ಅಥೆನ್ಸಿಗೆ ತುಂಬಾ ಕಾಟ ಕೊಟ್ಟವನು ಅರಿಸ್ಟಿಯಸ್. ರಾಯಭಾರಿಗಳು ಹೊರಟಿದ್ದು ಪರ್ಷಿಯದ ದೊರೆಯ ಹತ್ತಿರ ಹಣ ಕೇಳಲು, ತಮ್ಮ ಕಡೆ ಸೇರಿಸಿಕೊಳ್ಳಲು. ದಾರಿಯಲ್ಲಿ ಥ್ರೇಸಿನ ದೊರೆ ಸಿಟಾಲ್ಸೀಸ್‌ನನ್ನು ಒಲಿಸಿಕೊಳ್ಳಲು ನೋಡಿದರು. ಆದರೆ ಅಥೆನ್ಸಿನ ರಾಯಭಾರಿಗಳೂ ಅಲ್ಲೇ ಇದ್ದರು. ಅವರ ಮಾತಿಗೆ ಒಪ್ಪಿ ದೊರೆಯ ಮಗ ಸ್ಯಾಡೊಕಸ್ ಇವರನ್ನು ಹಿಡಿಸಿಕೊಟ್ಟ. ಅರಿಸ್ಟಿಯಸ್ ತಪ್ಪಿಸಿಕೊಂಡರೆ ಇನ್ನೂ ಹಾನಿ ಮಾಡುತ್ತಾನೆ ಎಂಬ ಭಯದಿಂದ ಅಥೆನ್ಸಿನವರು ಎಲ್ಲರನ್ನೂ ಅದೇ ದಿನ ಕೊಂದು ಹಳ್ಳಕ್ಕೆ ಎಸೆದರು. ವಿಚಾರಣೆ ಮಾಡಲಿಲ್ಲ. ಏನೋ ಹೇಳಬೇಕು ಎಂದು ಅವರು ಕೇಳಿಕೊಂಡರೂ ಬಿಡಲಿಲ್ಲ. ಯುದ್ಧದ ಮೊದಲಲ್ಲಿ ಸ್ಪಾರ್ಟಾದವರು ಕಡಲಲ್ಲಿ ಸಿಕ್ಕ ವ್ಯಾಪಾರಿಗಳನ್ನು ಹೀಗೇ ಕೊಂದು ಎಸೆದಿದ್ದರು, ಅದಕ್ಕೆ ಇದು ಸರಿಯಾದ ಬದಲು ಎಂಬುದು ಅಥೆನ್ಸಿನ ಸಮರ್ಥನೆ.

ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪಂದಿರು ಪರ್ಷಿಯದ ದೊರೆಗೆ ಅಡ್ಡ ಬೀಳುವುದಿಲ್ಲ ಎಂದು ಅವನ ಎದುರಲ್ಲೇ ಹೇಳಿದವರು. ಸ್ವಾತಂತ್ರ್ಯಕ್ಕಾಗಿ ಕೊಡಲಿ ಹಿಡಿಯುವ ಮಾತಾಡಿದವರು. ಮಕ್ಕಳು ಅದೇ ದಾರಿಯಲ್ಲಿ, ಜರ್ಕ್ಸೀಸ್‌ನ ಮಗನ ಹತ್ತಿರ ಹಣ ಕೇಳಲು ಹೊರಟಿದ್ದರು, ಗ್ರೀಕರ ಮೇಲೇ ಯುದ್ಧ ಮಾಡುವುದಕ್ಕೆ. ಇದು ವಿಧಿಯೋ ರಾಜಕೀಯವೋ ಏನಾದರೂ ಅನ್ನಿ, ಒಂದೇ ತಲೆಮಾರಿನಲ್ಲಿ ಇಷ್ಟು ಬದಲಾಯಿತಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹೆರೊಡೋಟಸ್ ದೇವರು ದಿಂಡರನ್ನು ನಂಬುವ ಕಥೆಗಾರ, ಥುಸಿಡಿಡೀಸ್ ವಿಜ್ಞಾನಿಯಂಥ ಚರಿತ್ರೆಕಾರ ಎಂದು ಪಾಠ ಮಾಡುವ ರೂಢಿ ಇದೆ. ಈ ಪ್ರಸಂಗ ಓದಿದರೆ ಆ ಗೆರೆ ಅಷ್ಟು ನೇರ ಇಲ್ಲ ಅನ್ನಿಸುತ್ತದೆ. ಥುಸಿಡಿಡೀಸ್ ಕೊಡುವ ಕಾರಣದಲ್ಲಿ ದೇವರಿಲ್ಲ, ಸರಿ. ಆದರೆ ಅನೆರಿಸ್ಟಸ್ ಮತ್ತು ನಿಕೋಲಾಸ್ ಅಥೆನ್ಸಿನಲ್ಲಿ ಸತ್ತದ್ದು ವ್ಯಾಪಾರಿಗಳ ಸಾವಿಗೆ ಬದಲಾಗಿ. ಆ ವ್ಯಾಪಾರಿಗಳನ್ನು ಇವರೇ ಕೊಂದರು ಎಂದು ಅವನೂ ಹೇಳುವುದಿಲ್ಲ. ಮುನಿಸಿನ ಜಾಗದಲ್ಲಿ ಸೇಡು ಬಂದು ಕೂತಿದೆ. ತೆತ್ತವರು ಮಾತ್ರ ಇಲ್ಲೂ ಬೇರೆಯವರೇ. ವಿಚಾರಣೆ ಇಲ್ಲದೆ, ಮಾತಾಡಲು ಬಿಡದೆ, ಅದೇ ದಿನ ಎಂದು ಅವನು ಒಂದೊಂದನ್ನೂ ಬರೆದಿಟ್ಟದ್ದು ಸುಮ್ನೆ ಅಲ್ಲ. ಅವನೇ ಅಥೆನ್ಸಿನವನು. ತನ್ನ ಊರು ಯಾವ ಕಟ್ಟಳೆ ಬಿಟ್ಟಿತು ಎಂಬುದನ್ನು ದಾಖಲೆ ಮಾಡುತ್ತಿದ್ದಾನೆ.

ಅದೇ ವರ್ಷ ಅಥೆನ್ಸಿಗೆ ಪಿಡುಗು ಬಂದಿತ್ತು. ಥುಸಿಡಿಡೀಸ್‌ಗೂ ತಗುಲಿ, ಬದುಕಿ ಉಳಿದ. ಶವಸಂಸ್ಕಾರದ ಪದ್ಧತಿಗಳೆಲ್ಲ ಬಿದ್ದುಹೋದವು, ಯಾರೋ ಜೋಡಿಸಿಟ್ಟ ಚಿತೆಯ ಮೇಲೆ ತಮ್ಮವರ ಹೆಣ ಹಾಕಿ ಬೆಂಕಿ ಕೊಟ್ಟು ಹೋಗುತ್ತಿದ್ದರು ಎಂದು ಬರೆಯುತ್ತಾನೆ. ದೇವರ ಭಯವಾಗಲಿ ಕಾನೂನಿನ ಭಯವಾಗಲಿ ಯಾರನ್ನೂ ತಡೆಯಲಿಲ್ಲ ಎನ್ನುತ್ತಾನೆ. ಎಷ್ಟು ಹಣ ಕೊಟ್ಟರೂ ನಮ್ಮ ಪದ್ಧತಿ ಬಿಡುವುದಿಲ್ಲ ಎಂದು ಡೇರಿಯಸ್ ಮುಂದೆ ಹೇಳಿದ ಗ್ರೀಕರನ್ನು ನೆನೆಸಿಕೊಳ್ಳಿ. ಹಣ ಬೇಕಾಗಲೇ ಇಲ್ಲ, ಒಂದು ಕಾಯಿಲೆ ಸಾಕಾಯಿತು. ಕಟ್ಟಳೆ ಅರಸನೇ ಇರಬಹುದು, ಅವನನ್ನೂ ಪಟ್ಟದಿಂದ ಇಳಿಸಬಹುದು ಎಂಬುದನ್ನು ಥುಸಿಡಿಡೀಸ್ ಕಣ್ಣಾರೆ ಕಂಡ.

ಮುಂದಿನ ವರ್ಷಗಳ ಕಥೆಗಳನ್ನು ಬೇಗ ಹೇಳಿಬಿಡುತ್ತೇನೆ. 427ರಲ್ಲಿ ಪ್ಲಟೇಯಾ ಊರು ಸ್ಪಾರ್ಟಾಕ್ಕೆ ಶರಣಾಯಿತು. ನ್ಯಾಯಾಧೀಶರು ಬಂದು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು: ಈ ಯುದ್ಧದಲ್ಲಿ ನಮಗೆ ಏನಾದರೂ ಉಪಕಾರ ಮಾಡಿದ್ದೀರಾ? ಇಲ್ಲ ಎಂದ 200ಕ್ಕೂ ಹೆಚ್ಚು ಜನರನ್ನು ಕೊಂದರು. 416ರಲ್ಲಿ ಮೆಲೋಸ್ ದ್ವೀಪದವರು ದೇವರು ನಮ್ಮ ಕಡೆ ಇದ್ದಾನೆ ಎಂದಾಗ, ಬಲ ಇದ್ದವನು ಆಳುವುದು ಸೃಷ್ಟಿಯ ನಿಯಮ, ದೇವರುಗಳೂ ಹಾಗೆಯೇ ಎಂದು ಅಥೆನ್ಸಿನವರು ಹೇಳಿದರು. ಮೆಲೋಸಿನ ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು.

ಇಷ್ಟು ಓದಿದ ಮೇಲೆ ಥುಸಿಡಿಡೀಸ್‌ನ ಯುದ್ಧದಲ್ಲಿ ನ್ಯಾಯಕ್ಕೆ ಜಾಗವೇ ಇಲ್ಲ ಅನ್ನಿಸಬಹುದು. ಆದರೆ ಅವನೇ ಬರೆದ ಒಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಯುದ್ಧದ ಮೊದಲ ಹತ್ತು ವರ್ಷದಲ್ಲಿ ಸ್ಪಾರ್ಟಾಕ್ಕೆ ಪೈಲೋಸಿನಲ್ಲೂ ಬೇರೆ ಕಡೆಯೂ ಪೆಟ್ಟು ಬಿತ್ತು. ಸ್ಪಾರ್ಟಾದವರು ಅದಕ್ಕೆ ತಮ್ಮನ್ನೇ ದೂರಿಕೊಂಡರಂತೆ. ಒಪ್ಪಂದ ಇರುವಾಗಲೇ ತಮ್ಮ ಕಡೆಯ ಥೀಬ್ಸಿನವರು ಪ್ಲಟೇಯಾಕ್ಕೆ ನುಗ್ಗಿದ್ದರು. ಜಗಳ ಬಂದರೆ ಪಂಚಾಯಿತಿಗೆ ಒಪ್ಪಿಸಬೇಕು ಎಂದು ಒಪ್ಪಂದದಲ್ಲಿತ್ತು, ಅಥೆನ್ಸ್ ಕರೆದರೂ ತಾವು ಹೋಗಿರಲಿಲ್ಲ. ಹಾಗಾಗಿ ಈ ಪೆಟ್ಟು ನಮಗೆ ಬರಬೇಕಾದ್ದೇ ಎಂದುಕೊಂಡರು. ಆಮೇಲೆ ಅಥೆನ್ಸಿನ ಹಡಗುಗಳು ಸ್ಪಾರ್ಟಾದ ಕರಾವಳಿಯನ್ನು ಬಹಿರಂಗವಾಗಿ ಸೂರೆ ಮಾಡಿದವು. ಪಂಚಾಯಿತಿಗೆ ಬನ್ನಿ ಎಂದು ಕರೆದಾಗ ಈ ಸಲ ಒಪ್ಪದವರು ಅಥೆನ್ಸಿನವರು. ಮುಂಚೆ ನಮ್ಮ ಮೇಲಿದ್ದ ತಪ್ಪು ಈಗ ಅವರ ಮೇಲೆ ಹೋಯಿತು ಎಂದು ಸ್ಪಾರ್ಟಾದವರಿಗೆ ಅನ್ನಿಸಿತು. ಆಗಲೇ ಅವರಿಗೆ ಯುದ್ಧದಲ್ಲಿ ಹುರುಪು ಬಂದದ್ದು ಎಂದು ಥುಸಿಡಿಡೀಸ್ ಬರೆಯುತ್ತಾನೆ.

ತಪ್ಪು ಯಾರ ಮೇಲೆ ಇದೆ ಎಂಬ ಲೆಕ್ಕ ಇಡುವ ದೇವರು ಅವನ ಪುಸ್ತಕದಲ್ಲಿ ಇಲ್ಲ. ಲೆಕ್ಕ ಇಡುವ ಜನ ಇದ್ದಾರೆ. 413ರಲ್ಲಿ ಆ ಜನ ಅಥೆನ್ಸಿನ ಸೀಮೆಯೊಳಗೇ ಡೆಸೆಲಿಯ ಎಂಬಲ್ಲಿ ಕೋಟೆ ಕಟ್ಟಿ ಕೂತರು. ಅಥೆನ್ಸಿನಿಂದ 20,000ಕ್ಕೂ ಹೆಚ್ಚು ಗುಲಾಮರು ಓಡಿಹೋದರು, ದನಕರುಗಳೆಲ್ಲ ಹೋದವು, ಊರಿಗೆ ಬರುವ ಪ್ರತಿಯೊಂದೂ ಹಡಗಿನಲ್ಲೇ ಬರಬೇಕಾಯಿತು. ಆ ಕೋಟೆ ಯುದ್ಧ ಮುಗಿಯುವವರೆಗೂ ಅಲ್ಲೇ ಇತ್ತು.